ಗಾಜಿನ ತಟ್ಟೆಯಲ್ಲಿ ಜಿಗರ್: ಔಷಧಿಗಳ ಬಗ್ಗೆ ನಾವು ತಿಳಿಯಬೇಕಾದದ್ದು

(ಸಂಸ್ಥೆಯ ವಾರ್ಷಿಕೋತ್ಸವದ ಅಂಗವಾಗಿ ಶಿರಾದಲ್ಲಿ ಪೋಷಕರಿಗೆ ಮತ್ತು ಪ್ರೌಢಶಾಲೆಯ ವಿದ್ಯಾರ್ಥಿಗಳಿಗೆ ಏರ್ಪಡಿಸಿದ್ದ ಕಾರ್ಯಕ್ರಮದಲ್ಲಿ ನೀಡಿದ ಉಪನ್ಯಾಸ)





ಶಾಲೆಯಲ್ಲಿ ನನ್ನದು ಉರ್ದು ಮತ್ತು ಕನ್ನಡ ಪಾಠ. ಈ ವೇದಿಕೆಯಲ್ಲಿ ವಿಜ್ಞಾನದ ವಿಷಯ ಹೇಳಲು ಹೊರಟಿರುವುದನ್ನು ಕಂಡು ಕೆಲವರಿಗೆ ಆಶ್ಚರ್ಯವಾಗಬಹುದು. ಆದರೆ ನಾನು ಮಾತು ಶುರು ಮಾಡುವುದು ಒಂದು ಶಬ್ದದಿಂದಲೇ. ಆ ಶಬ್ದ 'ಜಿಗರ್'.

ಉರ್ದುವಿನಲ್ಲಿ ಜಿಗರ್ ಎಂದರೆ ಧೈರ್ಯ, ಜಿಗರ್ ಎಂದರೆ ಪ್ರೀತಿ. ಹೆತ್ತ ಮಗುವನ್ನು 'ಲಖ್ತೆ ಜಿಗರ್' ಎನ್ನುತ್ತೇವೆ. ಅಂದರೆ ನನ್ನ ಜಿಗರ್‌ನ ಒಂದು ತುಂಡು ಎಂದರ್ಥ. ಮನೆಮಾತಿನಲ್ಲಿ ಅದೇ ಕಲೇಜಿ. ಬಕ್ರೀದ್ ದಿನ ಕುರ್ಬಾನಿ ಆದ ಮೇಲೆ ನಮ್ಮ ಬಹಳಷ್ಟು ಮನೆಗಳಲ್ಲಿ ಮೊದಲು ಒಲೆಗೆ ಏರುವುದು ಕಲೇಜಿಯೇ. ನಮ್ಮ ಕನ್ನಡದ ನೆರೆಹೊರೆಯವರು ಅದನ್ನೇ ಈಲಿ ಎನ್ನುತ್ತಾರೆ. ಪಠ್ಯಪುಸ್ತಕದಲ್ಲಿ ಅದರ ಹೆಸರು ಪಿತ್ತಜನಕಾಂಗ ಅಥವಾ ಯಕೃತ್ತು. ಹೆಸರು ಐದಾದರೂ ಅಂಗ ಒಂದೇ. ನಮ್ಮ ಯುನಾನಿ ಹಕೀಮರು ಹೃದಯ ಮತ್ತು ಮೆದುಳಿನ ಸಾಲಿನಲ್ಲಿಯೇ ಜಿಗರ್ ಅನ್ನೂ ಇಟ್ಟು, ಇವು ದೇಹದ ರಾಜ ಅಂಗಗಳು ಎಂದು ಕರೆದರು. ಇಂದಿನ ವಿಜ್ಞಾನವೂ ಅದನ್ನು ಕಡಿಮೆ ಮಾಡಿ ಹೇಳುವುದಿಲ್ಲ.

ಇಂದಿನ ನನ್ನ ವಿಷಯ ಇಷ್ಟೇ. ನಾವು ನುಂಗುವ ಮಾತ್ರೆಗಳು ಜಿಗರ್‌ನ ಜೀವಕೋಶಗಳಿಗೆ ಏನು ಮಾಡುತ್ತವೆ? ವಿಜ್ಞಾನಿಗಳು ಆ ಜೀವಕೋಶಗಳನ್ನು ದೇಹದ ಹೊರಗೆ ಗಾಜಿನ ತಟ್ಟೆಯಲ್ಲಿ ಬೆಳೆಸಿ ಇದನ್ನು ಹೇಗೆ ತಿಳಿದುಕೊಳ್ಳುತ್ತಾರೆ? ಇದರಿಂದ ಶಿರಾ, ಮಧುಗಿರಿ, ಪಾವಗಡ, ಕೊರಟಗೆರೆಯ ನಮ್ಮ ಸಂಸಾರಗಳು ಕಲಿಯಬೇಕಾದದ್ದೇನು?

ಮದ್ದು ಮೊದಲು ಹೋಗುವುದು ಎಲ್ಲಿಗೆ?

ವಯಸ್ಕರ ಪಿತ್ತಜನಕಾಂಗ ಸುಮಾರು ಒಂದೂವರೆ ಕಿಲೋ ತೂಗುತ್ತದೆ. ನಿಮಿಷಕ್ಕೆ ಸುಮಾರು ಒಂದೂವರೆ ಲೀಟರ್ ರಕ್ತ ಅದರ ಮೂಲಕ ಹರಿಯುತ್ತದೆ. ನಾವು ಉಂಡ ಅನ್ನ, ಕುಡಿದ ನೀರು, ನುಂಗಿದ ಮಾತ್ರೆ ಎಲ್ಲವೂ ಕರುಳಿನಿಂದ ರಕ್ತಕ್ಕೆ ಸೇರಿದ ಮೇಲೆ ನೇರವಾಗಿ ಇಡೀ ಮೈಗೆ ಹಂಚಿಹೋಗುವುದಿಲ್ಲ. ಒಂದು ದೊಡ್ಡ ರಕ್ತನಾಳ ಅವನ್ನೆಲ್ಲ ಮೊದಲು ಪಿತ್ತಜನಕಾಂಗಕ್ಕೆ ತಂದು ಒಪ್ಪಿಸುತ್ತದೆ. ಊರಿನ ಹೆಬ್ಬಾಗಿಲಲ್ಲಿ ಸುಂಕದ ಕಟ್ಟೆ ಇದ್ದ ಹಾಗೆ. ಒಳಗೆ ಬರುವ ಪ್ರತಿಯೊಂದು ಮೂಟೆಯನ್ನೂ ಅಲ್ಲಿ ಬಿಚ್ಚಿ ನೋಡುತ್ತಾರೆ.

ಅಲ್ಲಿನ ಜೀವಕೋಶಗಳಲ್ಲಿ ಕಿಣ್ವಗಳೆಂಬ ಕೆಲಸಗಾರರಿದ್ದಾರೆ. ಅವರು ಔಷಧಿಯನ್ನು ರೂಪಾಂತರಿಸಿ ಮೂತ್ರ ಅಥವಾ ಪಿತ್ತರಸದ ಮೂಲಕ ಹೊರಗೆ ಹೋಗುವಂತೆ ಮಾಡುತ್ತಾರೆ. ಜೊತೆಗೆ ಅದೇ ಜೀವಕೋಶಗಳು ರಕ್ತಕ್ಕೆ ಬೇಕಾದ ಅಲ್ಬುಮಿನ್ ಎಂಬ ಪ್ರೋಟೀನನ್ನು ತಯಾರಿಸುತ್ತವೆ, ಗಾಯವಾದಾಗ ರಕ್ತ ಹೆಪ್ಪುಗಟ್ಟಲು ಬೇಕಾದ ವಸ್ತುಗಳನ್ನು ಕೊಡುತ್ತವೆ, ಸಕ್ಕರೆಯನ್ನು ಕೂಡಿಡುತ್ತವೆ, ವಿಷಕಾರಿ ಅಮೋನಿಯವನ್ನು ಯೂರಿಯ ಮಾಡಿ ಕಳಿಸುತ್ತವೆ. ಇಷ್ಟು ಕೆಲಸ ಮಾಡುವ ಅಂಗ ಎಷ್ಟೋ ಕಾಲ ನೋವನ್ನೇ ತೋರಿಸುವುದಿಲ್ಲ. ಕಣ್ಣು ಹಳದಿಯಾಗುವ ಹೊತ್ತಿಗೆ ಒಳಗೆ ಸಾಕಷ್ಟು ಹಾನಿಯಾಗಿರಬಹುದು. ಅದಕ್ಕಾಗಿಯೇ ಹೊಸ ಔಷಧಿಯೊಂದು ಪಿತ್ತಜನಕಾಂಗಕ್ಕೆ ಏನು ಮಾಡುತ್ತದೆ ಎಂಬುದನ್ನು ರೋಗಿಗೆ ಕೊಡುವ ಮುಂಚೆಯೇ ತಿಳಿಯಬೇಕು.

ಜೀವಕೋಶಗಳನ್ನು ಸಾಕುವ ವಿದ್ಯೆ

ಟಿಶ್ಯೂ ಕಲ್ಚರ್ ಬಾಳೆ ಸಸಿ ನಮ್ಮ ರೈತರಿಗೆಲ್ಲ ಗೊತ್ತು. ಗಿಡದ ಒಂದು ಚೂರನ್ನು ತಂದು, ಪೋಷಕಾಂಶವಿರುವ ಬಾಟಲಿಯಲ್ಲಿಟ್ಟು ಬೆಳೆಸುತ್ತಾರೆ. ಪ್ರಾಣಿ ಮತ್ತು ಮನುಷ್ಯರ ಜೀವಕೋಶಗಳನ್ನೂ ಹೆಚ್ಚುಕಡಿಮೆ ಹೀಗೆಯೇ ಸಾಕಬಹುದು. ಆದರೆ ಅವು ಗಿಡಕ್ಕಿಂತ ಬಹಳ ನಾಜೂಕು. ನಮ್ಮ ಮೈಯಷ್ಟೇ ಬಿಸಿ, ಅಂದರೆ 37 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಇರಬೇಕು. ಗಾಳಿಯಲ್ಲಿ ಶೇಕಡಾ 5ರಷ್ಟು ಇಂಗಾಲದ ಡೈಆಕ್ಸೈಡ್ ಇರಬೇಕು. ಸಕ್ಕರೆ, ಲವಣ, ಅಮೈನೋ ಆಮ್ಲ, ವಿಟಮಿನ್‌ಗಳಿರುವ ದ್ರವವನ್ನು ಆಗಾಗ್ಗೆ ಬದಲಾಯಿಸುತ್ತಿರಬೇಕು. ಒಂದು ಸೂಕ್ಷ್ಮಾಣು ಒಳಗೆ ಹೋದರೂ ಇಡೀ ತಟ್ಟೆ ಹಾಳು.

ಪಿತ್ತಜನಕಾಂಗದ ಜೀವಕೋಶಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಅವುಗಳನ್ನು ಬಿಡಿಸುವುದೇ ಒಂದು ಸಮಸ್ಯೆಯಾಗಿತ್ತು. 1969ರಲ್ಲಿ ಬೆರ್ರಿ ಮತ್ತು ಫ್ರೆಂಡ್ ಎಂಬ ವಿಜ್ಞಾನಿಗಳು ಇಲಿಯ ಪಿತ್ತಜನಕಾಂಗದೊಳಗೆ ಕೊಲಾಜಿನೇಸ್ ಎಂಬ ಕಿಣ್ವವನ್ನು ಹರಿಯಿಸಿ, ನಡುವಿನ ಅಂಟನ್ನು ಕರಗಿಸಿ, ಜೀವಕೋಶಗಳನ್ನು ಜೀವಂತವಾಗಿ ಬೇರ್ಪಡಿಸುವ ದಾರಿ ತೋರಿಸಿದರು. ಅನಂತರ ಮನುಷ್ಯರ ಪಿತ್ತಜನಕಾಂಗದಿಂದಲೂ, ಉದಾಹರಣೆಗೆ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಭಾಗದಿಂದ ಅಥವಾ ದಾನವಾಗಿ ಬಂದರೂ ಕಸಿಗೆ ಯೋಗ್ಯವಲ್ಲದ ಅಂಗದಿಂದ, ಹೀಗೆ ಜೀವಕೋಶ ತೆಗೆಯುವುದು ಸಾಧ್ಯವಾಯಿತು.

ಆದರೆ ಇಲ್ಲೊಂದು ಕಷ್ಟವಿದೆ. ಮೈಯಿಂದ ಬೇರೆಯಾದ ಈ ಜೀವಕೋಶಗಳು ತಟ್ಟೆಯಲ್ಲಿ ಹೆಚ್ಚು ಬೆಳೆಯುವುದಿಲ್ಲ. ಕೆಲವೇ ದಿನಗಳಲ್ಲಿ ತಮ್ಮ ಕಸುಬನ್ನೇ ಮರೆಯತೊಡಗುತ್ತವೆ. ಔಷಧಿಯನ್ನು ರೂಪಾಂತರಿಸುವ ಕಿಣ್ವಗಳು ಕಡಿಮೆಯಾಗುತ್ತ ಹೋಗುತ್ತವೆ. ತವರು ಬಿಟ್ಟ ಜೀವ ಸೊರಗಿದ ಹಾಗೆ. ಇದಕ್ಕೆ ಔಷಧಿಯೇ ಸ್ವಲ್ಪ ನೆರವಾಗುತ್ತದೆ ಎಂಬುದು ಸ್ವಾರಸ್ಯದ ಸಂಗತಿ. ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ಔಷಧಿಯನ್ನೂ ಇನ್ಸುಲಿನ್ ಅನ್ನೂ ಅಲ್ಪ ಪ್ರಮಾಣದಲ್ಲಿ ದ್ರವಕ್ಕೆ ಸೇರಿಸಿದರೆ ಜೀವಕೋಶಗಳು ತಮ್ಮ ಆಕಾರವನ್ನೂ ಕೆಲಸವನ್ನೂ ಇನ್ನಷ್ಟು ದಿನ ಉಳಿಸಿಕೊಳ್ಳುತ್ತವೆ. ಅಂದರೆ ಔಷಧಿ ಜೀವಕೋಶಕ್ಕೆ ಕೆಡುಕನ್ನೇ ಮಾಡುತ್ತದೆ ಎಂದು ತಿಳಿಯಬಾರದು. ಯಾವ ಔಷಧಿ, ಎಷ್ಟು, ಎಷ್ಟು ದಿನ ಎಂಬುದೇ ಮುಖ್ಯ.

ಇನ್ನೊಂದು ದಾರಿ, ತಾವಾಗಿಯೇ ಬೆಳೆಯುತ್ತ ಹೋಗುವ ಜೀವಕೋಶಗಳನ್ನು ಬಳಸುವುದು. ಅಮೆರಿಕದ ಫಿಲಡೆಲ್ಫಿಯದ ವಿಸ್ಟರ್ ಸಂಸ್ಥೆಯ ವಿಜ್ಞಾನಿಗಳು ಅರ್ಜೆಂಟೀನಾದ 15 ವರ್ಷದ ಒಬ್ಬ ಹುಡುಗನ ಪಿತ್ತಜನಕಾಂಗದ ಗಡ್ಡೆಯಿಂದ ಬೆಳೆಸಿದ ಜೀವಕೋಶ ತಳಿಯನ್ನು 1979ರಲ್ಲಿ ಪ್ರಕಟಿಸಿದರು. ಅದರ ಹೆಸರು ಹೆಪ್ ಜಿ-2. ಆ ಜೀವಕೋಶಗಳ ಸಂತತಿ ಇಂದಿಗೂ ಜಗತ್ತಿನ ಸಾವಿರಾರು ಪ್ರಯೋಗಾಲಯಗಳಲ್ಲಿ ಬೆಳೆಯುತ್ತಿದೆ. ನಮ್ಮ ದೇಶದಲ್ಲಿ ಪುಣೆಯ ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರ ಇಂತಹ ತಳಿಗಳನ್ನು ಕಾಪಾಡಿ ಕಾಲೇಜು ಮತ್ತು ವಿಶ್ವವಿದ್ಯಾಲಯಗಳಿಗೆ ಒದಗಿಸುತ್ತದೆ. ನಮ್ಮ ಹುಡುಗ ಹುಡುಗಿಯರು ಔಷಧ ವಿಜ್ಞಾನ ಅಥವಾ ಜೈವಿಕ ತಂತ್ರಜ್ಞಾನ ಓದಲು ಹೋದರೆ ಅವರ ಕೈಗೆ ಮೊದಲು ಬರುವ ಜೀವಕೋಶಗಳಲ್ಲಿ ಇದೂ ಒಂದು.

ಹಾಜರಿ ಬೇರೆ, ಅಂಕ ಬೇರೆ

ತಟ್ಟೆಯಲ್ಲಿ ಬೆಳೆದ ಜೀವಕೋಶಗಳಿಗೆ ಔಷಧಿಯನ್ನು ಬೇರೆ ಬೇರೆ ಪ್ರಮಾಣದಲ್ಲಿ ಹಾಕುತ್ತಾರೆ. ಒಂದು ಸಾಲಿಗೆ ಏನೂ ಹಾಕುವುದಿಲ್ಲ. ಅದು ಹೋಲಿಕೆಗಾಗಿ. ಅನಂತರ ಎರಡು ಬಗೆಯ ಲೆಕ್ಕ ತೆಗೆಯುತ್ತಾರೆ.

ಮೊದಲನೆಯದು ಬೆಳವಣಿಗೆಯ ಲೆಕ್ಕ. ಎಷ್ಟು ಜೀವಕೋಶ ಉಳಿದಿವೆ, ಎಷ್ಟು ಹೆಚ್ಚಾಗಿವೆ? ಇದಕ್ಕೆ 1983ರಲ್ಲಿ ಮಾಸ್‌ಮನ್ ಎಂಬ ವಿಜ್ಞಾನಿ ತೋರಿಸಿದ ಒಂದು ಸುಲಭ ಉಪಾಯವಿದೆ. ಎಂಟಿಟಿ ಎಂಬ ಹಳದಿ ಬಣ್ಣವನ್ನು ಹಾಕಿದರೆ ಬದುಕಿರುವ ಜೀವಕೋಶಗಳು ಮಾತ್ರ ಅದನ್ನು ನೇರಳೆ ಬಣ್ಣಕ್ಕೆ ತಿರುಗಿಸುತ್ತವೆ. ನೇರಳೆ ಗಾಢವಾಗಿದ್ದಷ್ಟೂ ಬದುಕಿರುವ ಜೀವಕೋಶ ಹೆಚ್ಚು.

ಎರಡನೆಯದು ಕೆಲಸದ ಲೆಕ್ಕ. ಜೀವಕೋಶಗಳು ಅಲ್ಬುಮಿನ್ ತಯಾರಿಸುತ್ತಿವೆಯೇ? ಯೂರಿಯ ಮಾಡುತ್ತಿವೆಯೇ? ಕಿಣ್ವಗಳು ದುಡಿಯುತ್ತಿವೆಯೇ? ಒಳಗಿರಬೇಕಾದ ಕಿಣ್ವ ಹೊರಗಿನ ದ್ರವಕ್ಕೆ ಸೋರುತ್ತಿದೆಯೇ? ಆಸ್ಪತ್ರೆಯಲ್ಲಿ ನಮ್ಮ ರಕ್ತ ತೆಗೆದು ಮಾಡುವ ಎಲ್‌ಎಫ್‌ಟಿ ಪರೀಕ್ಷೆಯಲ್ಲಿ ಎಸ್‌ಜಿಪಿಟಿ ಎಂದು ಬರೆದಿರುತ್ತದಲ್ಲ, ಅದೂ ಹೀಗೆ ಗಾಯಗೊಂಡ ಜೀವಕೋಶದಿಂದ ಸೋರಿದ ಕಿಣ್ವದ ಲೆಕ್ಕವೇ.

ನಮ್ಮಂಥ ಶಿಕ್ಷಕರಿಗೆ ಇದು ಬೇಗ ಅರ್ಥವಾಗುತ್ತದೆ. ಹಾಜರಿ ಪುಸ್ತಕ ನೋಡಿದರೆ ಎಷ್ಟು ಮಕ್ಕಳು ಬಂದಿದ್ದಾರೆ ಎಂದು ಗೊತ್ತಾಗುತ್ತದೆ. ಅವರು ಕಲಿಯುತ್ತಿದ್ದಾರೋ ಇಲ್ಲವೋ ಎಂಬುದು ಗೊತ್ತಾಗಬೇಕಾದರೆ ಅಂಕಪಟ್ಟಿ ನೋಡಬೇಕು. ಔಷಧಿ ಹಾಕಿದ ತಟ್ಟೆಯಲ್ಲಿ ಹಾಜರಿ ಪೂರ್ತಿ ಇದ್ದು ಕೆಲಸ ಮಾತ್ರ ನಿಂತುಹೋಗಿರಬಹುದು. ಆದ್ದರಿಂದ ಎರಡನ್ನೂ ನೋಡಲೇಬೇಕು.

ಪ್ಯಾರಾಸಿಟಮಾಲ್ ಹೇಳುವ ಪಾಠ

ಡೋಲೋ, ಕ್ರೋಸಿನ್, ಕ್ಯಾಲ್ಪಾಲ್ ಎಂಬ ಹೆಸರುಗಳು ಗೊತ್ತಿಲ್ಲದ ಮನೆ ಇಲ್ಲ. ಹೆಸರು ಬೇರೆಯಾದರೂ ಒಳಗಿರುವ ಮದ್ದು ಪ್ಯಾರಾಸಿಟಮಾಲ್ ಒಂದೇ. ಸರಿಯಾದ ಪ್ರಮಾಣದಲ್ಲಿ ಇದು ಬಹಳ ಸುರಕ್ಷಿತ ಔಷಧಿ. ಪಿತ್ತಜನಕಾಂಗ ಇದರ ಬಹುಪಾಲನ್ನು ಸುಲಭವಾಗಿ ಸಾಗಹಾಕುತ್ತದೆ. ಒಂದು ಸಣ್ಣ ಭಾಗ ಮಾತ್ರ ಜೀವಕೋಶದೊಳಗಿನ ಕಿಣ್ವದಿಂದ ವಿಷವಾಗಿ ಬದಲಾಗುತ್ತದೆ. ಅದನ್ನು ಗ್ಲೂಟಾಥಯೋನ್ ಎಂಬ ಕಾವಲುಗಾರ ವಸ್ತು ಕೂಡಲೇ ಹಿಡಿದು ನಿಷ್ಕ್ರಿಯ ಮಾಡುತ್ತದೆ. ಆದರೆ ಮಾತ್ರೆ ಮಿತಿಮೀರಿದರೆ ಕಾವಲುಗಾರರೆಲ್ಲ ಖರ್ಚಾಗಿಹೋಗುತ್ತಾರೆ. ಆಗ ಆ ವಿಷ ಜೀವಕೋಶವನ್ನೇ ಕೊಲ್ಲುತ್ತದೆ.

ಇದನ್ನು ತಟ್ಟೆಯಲ್ಲಿ ಪರೀಕ್ಷಿಸಿದಾಗ ಒಂದು ವಿಚಿತ್ರ ಕಂಡಿತು. ಹೊಸದಾಗಿ ತೆಗೆದ ಪಿತ್ತಜನಕಾಂಗದ ಜೀವಕೋಶಗಳು ಹೆಚ್ಚು ಪ್ಯಾರಾಸಿಟಮಾಲ್‌ಗೆ ಸಾಯುತ್ತವೆ. ಆದರೆ ಹೆಪ್ ಜಿ-2 ಜೀವಕೋಶಗಳು ಅಷ್ಟು ಸುಲಭವಾಗಿ ಸಾಯುವುದಿಲ್ಲ. ಅವು ಗಟ್ಟಿ ಎಂಬ ಕಾರಣಕ್ಕಲ್ಲ. ಔಷಧಿಯನ್ನು ವಿಷವನ್ನಾಗಿ ಬದಲಾಯಿಸುವ ಕಿಣ್ವವೇ ಅವುಗಳಲ್ಲಿ ಬಹಳ ಕಡಿಮೆ. ಕೆಲಸ ಮಾಡದವನ ಕೈಗೆ ಗಾಯವೂ ಆಗುವುದಿಲ್ಲ ಎಂಬಂತೆ. ಯಾವ ಜೀವಕೋಶದಲ್ಲಿ ಪರೀಕ್ಷೆ ಮಾಡಿದ್ದೀರಿ ಎಂದು ಕೇಳದೆ ಫಲಿತಾಂಶವನ್ನು ನಂಬಬಾರದು ಎಂಬ ಪಾಠ ಇದರಲ್ಲಿದೆ.

ಮನೆಯಲ್ಲಿ ಇದರ ಉಪಯೋಗವೇನು? ವಯಸ್ಕರಿಗೆ ದಿನಕ್ಕೆ 4 ಗ್ರಾಂ ಮೀರಬಾರದು. ದುರ್ಬಲರಿಗೆ, ಪಿತ್ತಜನಕಾಂಗದ ಕಾಯಿಲೆ ಇರುವವರಿಗೆ ಅದಕ್ಕಿಂತಲೂ ಕಡಿಮೆ. ಮಕ್ಕಳಿಗೆ ತೂಕ ನೋಡಿ ಕೊಡಬೇಕು. ಕಿಲೋ ತೂಕಕ್ಕೆ 10ರಿಂದ 15 ಮಿಲಿಗ್ರಾಂ ಒಂದು ಸಲಕ್ಕೆ, ಕನಿಷ್ಠ ನಾಲ್ಕು ಗಂಟೆಗಳ ಅಂತರದಲ್ಲಿ, ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚಿಲ್ಲ. ಜ್ವರಕ್ಕೆ ಒಂದು ಮಾತ್ರೆ, ನೆಗಡಿಗೆ ಇನ್ನೊಂದು, ಮೈಕೈ ನೋವಿಗೆ ಮತ್ತೊಂದು ಎಂದು ತಂದರೆ ಮೂರರಲ್ಲೂ ಪ್ಯಾರಾಸಿಟಮಾಲ್ ಇರಬಹುದು. ಪಟ್ಟಿಯ ಹಿಂಭಾಗವನ್ನು ಓದಿ. ಓದಲು ಬಾರದಿದ್ದರೆ ಮನೆಯ ಮಗುವಿನ ಕೈಯಲ್ಲಿ ಓದಿಸಿ. ನಾವು ಮಕ್ಕಳಿಗೆ ಅಕ್ಷರ ಕಲಿಸುವುದು ಇದಕ್ಕೂ ಸಹ. ಯಾರಾದರೂ ಹೆಚ್ಚು ಮಾತ್ರೆ ನುಂಗಿಬಿಟ್ಟರೆ, ಆರಾಮಾಗಿದ್ದಾರಲ್ಲ ಎಂದು ಕಾಯಬೇಡಿ. ಮೊದಲ ದಿನ ಏನೂ ಕಾಣದೆ ಎರಡು ಮೂರು ದಿನಗಳ ಮೇಲೆ ಪಿತ್ತಜನಕಾಂಗ ಕೈಕೊಡುತ್ತದೆ. ಅಸಿಟೈಲ್‌ಸಿಸ್ಟೀನ್ ಎಂಬ ಪ್ರತಿವಿಷವಿದೆ. ಎಂಟು ಗಂಟೆಯೊಳಗೆ ಕೊಟ್ಟರೆ ಅದು ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ತಡವಾಗಿದ್ದರೂ ಆಸ್ಪತ್ರೆಗೆ ಹೋಗಲೇಬೇಕು.

ಪ್ರಾಣಿಗೆ ಹಿತ, ಮನುಷ್ಯನಿಗೆ ಅಹಿತ

1993ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಹೆಪಟೈಟಿಸ್ ಬಿ ಕಾಯಿಲೆಗೆ ಫಿಯಾಲುರಿಡಿನ್ ಎಂಬ ಹೊಸ ಔಷಧಿಯನ್ನು 15 ರೋಗಿಗಳಿಗೆ ಕೊಟ್ಟು ಪರೀಕ್ಷಿಸುತ್ತಿದ್ದರು. ಪ್ರಾಣಿಗಳ ಪರೀಕ್ಷೆಯಲ್ಲಿ ಇಂತಹ ಅಪಾಯ ಕಂಡಿರಲಿಲ್ಲ. ಆದರೆ 7 ಮಂದಿಗೆ ಪಿತ್ತಜನಕಾಂಗ ತೀವ್ರವಾಗಿ ಕೆಟ್ಟಿತು. 5 ಮಂದಿ ತೀರಿಕೊಂಡರು. ಇಬ್ಬರು ಪಿತ್ತಜನಕಾಂಗದ ಕಸಿಯಿಂದ ಉಳಿದರು. ಅನಂತರದ ಅಧ್ಯಯನಗಳಿಂದ ಕಾರಣ ತಿಳಿಯಿತು. ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯದೊಳಗೆ ಈ ಔಷಧಿಯನ್ನು ಸಾಗಿಸುವ ಬಾಗಿಲು ಮನುಷ್ಯರಲ್ಲಿದೆ, ಇಲಿಯಲ್ಲಿ ಆ ಜಾಗದಲ್ಲಿ ಇಲ್ಲ. ಹಾಗೆಯೇ ಟ್ರೊಗ್ಲಿಟಜೋನ್ ಎಂಬ ಸಕ್ಕರೆ ಕಾಯಿಲೆಯ ಔಷಧಿ 1997ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದು, ಪಿತ್ತಜನಕಾಂಗದ ವೈಫಲ್ಯದ ಪ್ರಕರಣಗಳಿಂದಾಗಿ 2000ದಲ್ಲಿ ಹಿಂದಕ್ಕೆ ಹೋಯಿತು.

ಇಲ್ಲಿ ನಮ್ಮ ಪೂರ್ವಜ ವಿದ್ವಾಂಸರೊಬ್ಬರನ್ನು ನೆನೆಯಲೇಬೇಕು. ಇಬ್ನ್ ಸೀನಾ ಅವರು ಸುಮಾರು 1025ರ ಹೊತ್ತಿಗೆ ಪೂರ್ಣಗೊಳಿಸಿದ 'ಅಲ್ ಕಾನೂನ್' ಗ್ರಂಥದಲ್ಲಿ ಔಷಧಿಯನ್ನು ಪರೀಕ್ಷಿಸುವ ನಿಯಮಗಳನ್ನು ಬರೆದರು. ಔಷಧಿ ಶುದ್ಧವಾಗಿರಬೇಕು, ಪರಿಣಾಮ ಮತ್ತೆ ಮತ್ತೆ ಒಂದೇ ರೀತಿ ಕಾಣಬೇಕು, ಸಿಂಹದ ಮೇಲೋ ಕುದುರೆಯ ಮೇಲೋ ನೋಡಿದ್ದು ಮನುಷ್ಯನ ಬಗ್ಗೆ ಏನನ್ನೂ ಸಾಬೀತು ಮಾಡದೇ ಇರಬಹುದು ಎಂಬುದು ಅವರ ಅಭಿಪ್ರಾಯ. ಸಾವಿರ ವರ್ಷದ ಹಿಂದಿನ ಆ ಎಚ್ಚರಿಕೆ ಫಿಯಾಲುರಿಡಿನ್ ಪ್ರಕರಣದಲ್ಲಿ ಮತ್ತೆ ನಿಜವಾಯಿತು.

ಆದ್ದರಿಂದಲೇ ಮನುಷ್ಯರ ಜೀವಕೋಶಗಳ ಮೇಲಿನ ಪರೀಕ್ಷೆಗೆ ಇಂದು ಬೆಲೆ ಬಂದಿದೆ. ಹಾಳೆಯಂತೆ ಚಪ್ಪಟೆಯಾಗಿ ಬೆಳೆಸುವ ಬದಲು ಉಂಡೆಯಾಗಿ ಬೆಳೆಸಿದರೆ ಅವು ಹೆಚ್ಚು ದಿನ ಕೆಲಸ ಮಾಡುತ್ತವೆ. ಬೆರಳಿನಷ್ಟು ಚಿಕ್ಕ ಚಿಪ್ಪಿನೊಳಗೆ ದ್ರವ ಹರಿಯಿಸಿ ಪಿತ್ತಜನಕಾಂಗದ ಜೀವಕೋಶ ಸಾಕುವ ವಿಧಾನವೂ ಬಂದಿದೆ. 2022ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಇಂತಹ 870 ಚಿಪ್ಪುಗಳಲ್ಲಿ 27 ಔಷಧಿಗಳನ್ನು ಪರೀಕ್ಷಿಸಿದಾಗ, ಪಿತ್ತಜನಕಾಂಗಕ್ಕೆ ಹಾನಿ ಮಾಡುವ ಔಷಧಿಗಳಲ್ಲಿ ಶೇಕಡಾ 87ರಷ್ಟನ್ನು ಅವು ಸರಿಯಾಗಿ ಗುರುತಿಸಿದವು. ನಮ್ಮ ಬೆಂಗಳೂರು ಕೂಡ ಹಿಂದೆ ಬಿದ್ದಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದ ಯುವಕರು ಕಟ್ಟಿದ ಪ್ಯಾಂಡೋರಮ್ ಕಂಪನಿಯು ಮುದ್ರಣ ಯಂತ್ರದಂತಹ ಸಾಧನದಿಂದ ಪದರ ಪದರವಾಗಿ ಪಿತ್ತಜನಕಾಂಗದ ಅಂಗಾಂಶವನ್ನು ತಯಾರಿಸಿರುವುದಾಗಿ 2015ರ ಡಿಸೆಂಬರ್‌ನಲ್ಲಿ ಪ್ರಕಟಿಸಿತು. ಹೊಸ ಔಷಧಿಗಳನ್ನು ಪರೀಕ್ಷಿಸುವುದು ಅದರ ಒಂದು ಉದ್ದೇಶವಾಗಿತ್ತು. 2023ರಲ್ಲಿ ಭಾರತ ಸರ್ಕಾರ ಹೊಸ ಔಷಧಿಗಳ ನಿಯಮಗಳಿಗೆ ತಿದ್ದುಪಡಿ ತಂದು, ಪ್ರಾಣಿಗಳ ಪರೀಕ್ಷೆಯ ಜೊತೆಗೆ ಇಂತಹ ಜೀವಕೋಶ ಆಧಾರಿತ ವಿಧಾನಗಳಿಗೂ ಅವಕಾಶ ಕೊಟ್ಟಿತು. ಮೂಕ ಪ್ರಾಣಿಗಳ ಮೇಲೆ ರಹಮ್ ತೋರಬೇಕೆಂದು ಕಲಿತ ನಮಗೆ ಇದು ಸಂತೋಷದ ವಿಷಯವೇ.

ಕ್ಷಯ ರೋಗ ಮತ್ತು ನಮ್ಮ ಜಿಲ್ಲೆ

ಈಗ ನಾನು ಹೇಳಲೇಬೇಕೆಂದು ಬಂದ ಮಾತಿಗೆ ಬರುತ್ತೇನೆ. ಬೆಂಗಳೂರಿನಲ್ಲಿ 1959ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಆರಂಭವಾಯಿತು. ಅದು ತನ್ನ ಮೊದಲ ದೊಡ್ಡ ಸಮೀಕ್ಷೆಗಳಲ್ಲಿ ಒಂದನ್ನು ಮಾಡಿದ್ದು ನಮ್ಮ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ. 1963ರಲ್ಲಿ ಪ್ರಕಟವಾದ ಬ್ಯಾನರ್ಜಿ ಮತ್ತು ಆಂಡರ್ಸನ್ ಅವರ ಅಧ್ಯಯನ ಹೇಳಿದ್ದೇನೆಂದರೆ, ಹಳ್ಳಿಯ ರೋಗಿಗಳು ತಿಳಿವಳಿಕೆ ಇಲ್ಲದವರಲ್ಲ. ಬಹುತೇಕ ಎಲ್ಲರಿಗೂ ತಮಗೇನೋ ಆಗಿದೆ ಎಂದು ಗೊತ್ತಿತ್ತು. ಅರ್ಧದಷ್ಟು ಮಂದಿ ತಾವಾಗಿಯೇ ಆಸ್ಪತ್ರೆಯ ಬಾಗಿಲಿಗೆ ಹೋಗಿದ್ದರು. ನಮ್ಮ ಜಿಲ್ಲೆಯ ಬಡವರು ಕೊಟ್ಟ ಆ ಉತ್ತರಗಳು ಇಡೀ ದೇಶದ ಕ್ಷಯ ನಿಯಂತ್ರಣ ಕಾರ್ಯಕ್ರಮ ರೂಪಿಸಲು ನೆರವಾದವು.

ಕ್ಷಯಕ್ಕೆ ಕೊಡುವ ಐಸೋನಿಯಜಿಡ್, ರಿಫಾಂಪಿಸಿನ್, ಪೈರಜಿನಮೈಡ್ ಈ ಮೂರೂ ಜೀವ ಉಳಿಸುವ ಔಷಧಿಗಳು. ಮೂರೂ ಕೆಲವರಲ್ಲಿ ಪಿತ್ತಜನಕಾಂಗಕ್ಕೆ ತೊಂದರೆ ಕೊಡಬಲ್ಲವು. ಐಸೋನಿಯಜಿಡ್ ಅನ್ನು ಸಾಗಹಾಕುವ ಕಿಣ್ವ ಕೆಲವರಲ್ಲಿ ಹುಟ್ಟಿನಿಂದಲೇ ನಿಧಾನ, ಕೆಲವರಲ್ಲಿ ಚುರುಕು. ಅದಕ್ಕಾಗಿ ಒಂದೇ ಮಾತ್ರೆ ಒಬ್ಬರಿಗೆ ಒಗ್ಗಿ ಇನ್ನೊಬ್ಬರಿಗೆ ಒಗ್ಗದಿರಬಹುದು. ರಿಫಾಂಪಿಸಿನ್ ವಿಷಯ ಇನ್ನೂ ವಿಶೇಷ. ಮನುಷ್ಯರ ಪಿತ್ತಜನಕಾಂಗದ ಜೀವಕೋಶಗಳಿಗೆ ಅದನ್ನು ಹಾಕಿದರೆ ಜೀವಕೋಶದ ಕೆಲಸ ಕಡಿಮೆಯಾಗುವುದಿಲ್ಲ, ಹೆಚ್ಚಾಗುತ್ತದೆ. ಔಷಧಿ ಒಡೆಯುವ ಕಿಣ್ವಗಳು ಹಲವು ಪಟ್ಟು ಏರುತ್ತವೆ. ಪರಿಣಾಮವಾಗಿ ಜೊತೆಗೆ ನುಂಗಿದ ಬೇರೆ ಔಷಧಿಗಳು ಬೇಗ ಬೇಗ ಕರಗಿ ಹೋಗಿ ಕೆಲಸ ಮಾಡದಂತಾಗುತ್ತವೆ. ಗರ್ಭನಿರೋಧಕ ಮಾತ್ರೆ ವಿಫಲವಾಗಬಹುದು. ರಕ್ತ ತೆಳುವಾಗಿಸುವ ಮಾತ್ರೆ, ಕೆಲವು ಸಕ್ಕರೆ ಕಾಯಿಲೆಯ ಮಾತ್ರೆಗಳ ಬಲ ಕುಗ್ಗಬಹುದು. ತಾಯಂದಿರು ಇದನ್ನು ನಾಚಿಕೆ ಪಡದೆ ಆಶಾ ಕಾರ್ಯಕರ್ತೆಯ ಬಳಿ, ವೈದ್ಯರ ಬಳಿ ಕೇಳಬೇಕು.

ನಮ್ಮ ಊರಿನದೇ ಒಂದು ಸಂಗತಿ ಹೇಳುತ್ತೇನೆ. ಹೆಸರು ಬೇಡ. ವಿದ್ಯಾರ್ಥಿನಿಯೊಬ್ಬಳ ತಂದೆಗೆ ಕ್ಷಯ ಎಂದು ಗೊತ್ತಾಗಿ ಮಾತ್ರೆ ಶುರುವಾಯಿತು. ಒಂದು ತಿಂಗಳಾದ ಮೇಲೆ ವಾಕರಿಕೆ, ಊಟ ಸೇರದು, ಕಣ್ಣು ಹಳದಿ. ಮಾತ್ರೆಯೇ ಕೊಲ್ಲುತ್ತಿದೆ ಎಂದು ಯಾರೋ ಹೇಳಿದರು. ಅವರು ಯಾರಿಗೂ ತಿಳಿಸದೆ ಎಲ್ಲವನ್ನೂ ನಿಲ್ಲಿಸಿ ಕಾಮಾಲೆಯ ಬೇರಿನ ಮದ್ದು ಕುಡಿಯತೊಡಗಿದರು. ಕಾಯಿಲೆ ಗೊತ್ತಾದರೆ ಮಗಳ ಮದುವೆಗೆ ಅಡ್ಡಿಯಾದೀತು ಎಂಬ ಭಯ ಬೇರೆ. ಕೆಮ್ಮು ಮತ್ತೆ ಜೋರಾಯಿತು. ಮನೆಯಲ್ಲಿ ಚಿಕ್ಕ ಮಕ್ಕಳು. ಕೊನೆಗೆ ಆ ಹುಡುಗಿಯೇ ಶಾಲೆಯಲ್ಲಿ ಬಾಯಿ ಬಿಟ್ಟಳು. ಆಶಾ ಕಾರ್ಯಕರ್ತೆ ಮನೆಗೆ ಹೋದರು. ವೈದ್ಯರು ರಕ್ತ ಪರೀಕ್ಷೆ ಮಾಡಿಸಿ, ಪಿತ್ತಜನಕಾಂಗ ಚೇತರಿಸಿಕೊಂಡ ಮೇಲೆ ಔಷಧಿಗಳನ್ನು ಒಂದೊಂದಾಗಿ ಮತ್ತೆ ಆರಂಭಿಸಿದರು. ಕೋರ್ಸ್ ಪೂರ್ತಿಯಾಯಿತು. ಅಲ್ಲಾಹನ ಕೃಪೆಯಿಂದ ಅವರು ಇಂದು ದುಡಿಯುತ್ತಿದ್ದಾರೆ.

ಈ ದಾರಿ ಮೊದಲ ದಿನವೇ ಅವರಿಗೆ ತೆರೆದಿತ್ತು. ಮಾತ್ರೆಯಿಂದ ಕಣ್ಣು ಹಳದಿಯಾದರೆ ಅದನ್ನು ನಿಲ್ಲಿಸಬೇಕಾದದ್ದು ನಿಜ. ಆದರೆ ಅದೇ ದಿನ ವೈದ್ಯರಿಗೆ ತೋರಿಸಬೇಕು. ಮುಚ್ಚಿಟ್ಟು ನಿಲ್ಲಿಸಿದರೆ ಕ್ರಿಮಿಗಳು ಔಷಧಿಗೆ ಬಗ್ಗದ ಹಾಗೆ ಬೆಳೆಯಬಹುದು. ಇನ್ನೊಂದು ಮಾತು. ರಿಫಾಂಪಿಸಿನ್ ತೆಗೆದುಕೊಳ್ಳುವವರ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಅದು ಔಷಧಿಯ ಬಣ್ಣ, ಕಾಮಾಲೆಯಲ್ಲ. ಅದಕ್ಕೆ ಹೆದರಿ ಮಾತ್ರೆ ಬಿಡಬೇಡಿ. ಕಣ್ಣಿನ ಬಿಳಿಭಾಗ ಹಳದಿಯಾದರೆ, ವಾಂತಿ, ಬಲಪಕ್ಕೆಯ ಕೆಳಗೆ ನೋವು ಬಂದರೆ ತಡಮಾಡಬೇಡಿ. ಚಿಕಿತ್ಸೆ ಉಚಿತ. ನಿಕ್ಷಯ ಪೋಷಣೆ ಯೋಜನೆಯಲ್ಲಿ 2018ರಿಂದ ರೋಗಿಗಳಿಗೆ ತಿಂಗಳಿಗೆ 500 ರೂಪಾಯಿ ಕೊಡುತ್ತಿದ್ದರು. 2024ರ ನವೆಂಬರ್‌ನಿಂದ ಅದನ್ನು 1000 ರೂಪಾಯಿಗೆ ಏರಿಸಲಾಗಿದೆ. ಕ್ಷಯ ಮಾನ ಹೋಗುವ ಕಾಯಿಲೆಯಲ್ಲ, ಮಾತ್ರೆಯಿಂದ ವಾಸಿಯಾಗುವ ಕಾಯಿಲೆ.

ಸೊಪ್ಪು, ಬೇರು ಮತ್ತು ಕಡಲೆಕಾಯಿ

ನಾಟಿ ಮದ್ದನ್ನು ನಾನು ಹೀಯಾಳಿಸುವುದಿಲ್ಲ. ನಮ್ಮ ಹೊಲದ ಬದುವಿನಲ್ಲಿ ಬೆಳೆಯುವ ನೆಲನೆಲ್ಲಿಯ ರಸವು ಜೀವಕೋಶಗಳ ಪ್ರಯೋಗದಲ್ಲಿ ಹೆಪಟೈಟಿಸ್ ಬಿ ವೈರಸ್ಸನ್ನು ತಡೆಯುವ ಗುಣ ತೋರಿಸಿದೆ. 1988ರಲ್ಲಿ ಮದ್ರಾಸಿನ ವಿಜ್ಞಾನಿಗಳು ರೋಗಿಗಳಲ್ಲೂ ಒಳ್ಳೆಯ ಫಲಿತಾಂಶ ಪ್ರಕಟಿಸಿದಾಗ ಜಗತ್ತೇ ತಿರುಗಿ ನೋಡಿತು. ಆದರೆ ಅನಂತರ ಬೇರೆ ಕಡೆ ನಡೆದ ಪ್ರಯೋಗಗಳಲ್ಲಿ ಅಂತಹ ಫಲಿತಾಂಶ ಮತ್ತೆ ಸಿಗಲಿಲ್ಲ. ಕೋವಿಡ್ ಕಾಲದಲ್ಲಿ ಜನ ಅಮೃತಬಳ್ಳಿಯನ್ನು ಅಳತೆಯಿಲ್ಲದೆ ಕುಡಿದರು. ಅದನ್ನು ಸೇವಿಸಿ ಪಿತ್ತಜನಕಾಂಗ ಕೆಟ್ಟು ಬಂದ 6 ರೋಗಿಗಳ ಬಗ್ಗೆ 2021ರಲ್ಲಿ ಮುಂಬೈನ ವೈದ್ಯರು ವರದಿ ಮಾಡಿದರು. ಆಯುಷ್ ಸಚಿವಾಲಯ ಆ ವರದಿಯನ್ನು ಒಪ್ಪಲಿಲ್ಲ. ಏನೇ ಇರಲಿ, ಸೊಪ್ಪು ಬೇರು ಎಂದ ಮಾತ್ರಕ್ಕೆ ನಿರಪಾಯ ಎನ್ನಲಾಗದು. ಪಿತ್ತಜನಕಾಂಗದ ಜೀವಕೋಶಕ್ಕೆ ಮಾತ್ರೆಯೂ ಬೇರೂ ಒಂದೇ. ಎರಡನ್ನೂ ಅದೇ ಒಡೆಯಬೇಕು.

ತಟ್ಟೆಗೂ ಮನುಷ್ಯನಿಗೂ ಇರುವ ಅಂತರವನ್ನೂ ಮರೆಯಬಾರದು. ತಟ್ಟೆಯಲ್ಲಿ ಕರುಳಿಲ್ಲ, ಮೂತ್ರಪಿಂಡವಿಲ್ಲ, ರೋಗನಿರೋಧಕ ಶಕ್ತಿಯೂ ಇಲ್ಲ. ಸಾವಿರಾರು ಜನರಲ್ಲಿ ಒಬ್ಬರಿಗೆ ಮಾತ್ರ ಬರುವ ತೊಂದರೆ ತಟ್ಟೆಯಲ್ಲಿ ಕಾಣದೇ ಹೋಗಬಹುದು. ತಟ್ಟೆಯಲ್ಲಿ ಗೆದ್ದದ್ದೆಲ್ಲ ಮದ್ದಲ್ಲ. ಪತ್ರಿಕೆಯಲ್ಲಿ ಜೀವಕೋಶ ಪ್ರಯೋಗದ ಸುದ್ದಿ ಬಂದ ಕೂಡಲೇ ಅದನ್ನು ಮನೆಯಲ್ಲಿ ಕುದಿಸಿ ಕುಡಿಯಲು ಹೋಗಬಾರದು.

ಇನ್ನು ನಮ್ಮ ಸೀಮೆಯ ಕಡಲೆಕಾಯಿ. ಅದು ಔಷಧಿಯಲ್ಲದಿದ್ದರೂ ಇಲ್ಲಿ ಹೇಳುವುದು ಅಗತ್ಯ. ಒದ್ದೆಯಾಗಿ ಬೂಷ್ಟು ಹಿಡಿದ ಕಡಲೆಕಾಯಿ ಮತ್ತು ಜೋಳದಲ್ಲಿ ಅಫ್ಲಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಪಿತ್ತಜನಕಾಂಗದ ಕಿಣ್ವವೇ ಅದನ್ನು ಇನ್ನೂ ಕೆಟ್ಟ ವಿಷವಾಗಿ ಬದಲಾಯಿಸುತ್ತದೆ, ಪ್ಯಾರಾಸಿಟಮಾಲ್ ವಿಷಯದಲ್ಲಿ ನಡೆದ ಹಾಗೆಯೇ. ಅದು ಜೀವಕೋಶದ ಡಿಎನ್‌ಎಗೆ ಅಂಟಿಕೊಂಡು ಕ್ಯಾನ್ಸರಿಗೆ ದಾರಿ ಮಾಡಬಲ್ಲದು. 1974ರಲ್ಲಿ ಗುಜರಾತ್ ಮತ್ತು ರಾಜಸ್ಥಾನದ ಹಳ್ಳಿಗಳಲ್ಲಿ ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು ನೂರಕ್ಕೂ ಹೆಚ್ಚು ಬಡವರು ಪಿತ್ತಜನಕಾಂಗ ಕೆಟ್ಟು ಸತ್ತರು. ಹುರಿದರೂ ಬೇಯಿಸಿದರೂ ಆ ವಿಷ ಪೂರ್ತಿ ಹೋಗುವುದಿಲ್ಲ. ಚೆನ್ನಾಗಿ ಒಣಗಿಸಿ ಕೂಡಿಡಿ. ಮುಗ್ಗಲು ವಾಸನೆಯ, ಕಹಿ ಬೀಜವನ್ನು ಮಕ್ಕಳ ಚಿಕ್ಕಿಗೆ ಹಾಕಬೇಡಿ.

ಕೊನೆಯ ಮಾತು

ಹಿರಿಯರೇ, ಕಾಯಿಲೆ ಬಂದಾಗ ಚಿಕಿತ್ಸೆ ಪಡೆಯುವುದು ನಮ್ಮ ಪ್ರವಾದಿಯವರು ತೋರಿಸಿದ ದಾರಿ. ಚಿಕಿತ್ಸೆ ಎಂದರೆ ತಿಳಿದು ಪಡೆಯುವುದು. ಆದ್ದರಿಂದ ವೈದ್ಯರ ಬಳಿ ಹೋಗುವಾಗ ಮನೆಯಲ್ಲಿ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆ, ಕಷಾಯ, ಮಾಜೂನ್‌ಗಳ ಹೆಸರನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಹಕೀಮರ ಬಳಿ ಹೋದರೆ ಡಾಕ್ಟರ್ ಕೊಟ್ಟ ಮಾತ್ರೆಯ ಹೆಸರು ಹೇಳಿ. ಹಿಂದೆ ಯಾರಿಗೋ ಬರೆದುಕೊಟ್ಟ ಚೀಟಿಯಿಂದ ಇನ್ಯಾರಿಗೋ ಔಷಧಿ ತರಬೇಡಿ. ಜ್ವರಕ್ಕೆ ಕೊಡುತ್ತಿದ್ದ ನಿಮೆಸುಲೈಡ್ ಔಷಧಿಯನ್ನು 12 ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ಸರ್ಕಾರ 2011ರಲ್ಲೇ ನಿಷೇಧಿಸಿದೆ. ಹಳೆಯ ಚೀಟಿಗೆ ಈ ವಿಷಯ ಗೊತ್ತಿರುವುದಿಲ್ಲ.

ನನ್ನ ವಿದ್ಯಾರ್ಥಿಗಳಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ ಒಂದು ಮಾತು. ಎಸ್‌ಎಸ್‌ಎಲ್‌ಸಿ ಆದ ಕೂಡಲೇ ಓದು ಮುಗಿಯಿತು ಎನ್ನಬೇಡಿ. ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಳ್ಳಿ. ಡಿಫಾರ್ಮ, ಬಿಫಾರ್ಮ, ನರ್ಸಿಂಗ್, ಲ್ಯಾಬ್ ಟೆಕ್ನಿಷಿಯನ್, ಬಯೋಟೆಕ್ನಾಲಜಿ ಹೀಗೆ ದಾರಿ ಬಹಳ ಇದೆ. ಶಿರಾದಿಂದ ಬೆಂಗಳೂರಿನ ಪ್ರಯೋಗಾಲಯಕ್ಕೆ ಇರುವುದು ಮೂರು ಗಂಟೆಯ ಬಸ್ ದಾರಿ. ಅಪ್ಪನ ಕಾಯಿಲೆಯನ್ನು ಧೈರ್ಯವಾಗಿ ಹೇಳಿ ಮನೆ ಉಳಿಸಿದ ಆ ಹುಡುಗಿಯಂಥವರಿಗೆ ಪೋಷಕರು ಅಡ್ಡ ನಿಲ್ಲಬಾರದು, ಬೆನ್ನಿಗೆ ನಿಲ್ಲಬೇಕು. ಮಕ್ಕಳನ್ನು ಲಖ್ತೆ ಜಿಗರ್ ಎಂದು ಕರೆದರೆ ಸಾಲದು. ಅವರ ಜಿಗರ್ ಅನ್ನೂ ಅವರ ಓದನ್ನೂ ಕಾಪಾಡಬೇಕು.

 ಅಲ್ಲಾಹನು ನಮಗೆಲ್ಲರಿಗೂ ಆರೋಗ್ಯವನ್ನೂ ಉಪಯೋಗಕ್ಕೆ ಬರುವ ಇಲ್ಮ್ ಅನ್ನೂ ಕರುಣಿಸಲಿ. ಆಮೀನ್.

ಖುದಾ ಹಾಫಿಜ್. ಜೈ ಹಿಂದ್, ಜೈ ಕರ್ನಾಟಕ.